ಪ್ರತಿಕ್ರಿಯೆ: ಫಿನಾಯಿಲ್‌ನಲ್ಲಿ ಗೂಡು ತೊಳೆದ ಮೇಲೆ ಮೊಲ ಸೀನುತ್ತಿದೆ, ಟ್ರೇಯ ಬಿಳಿ ಕಲೆಯೂ ಹೋಗುತ್ತಿಲ್ಲ

ಸೀನಿಗೆ ಬಹುಮಟ್ಟಿಗೆ ಫಿನಾಯಿಲ್ ಘಾಟೇ ಕಾರಣ. ಮೊಲದ ಮೂಗು ಸದಾ ನೆಲದ ಹತ್ತಿರವೇ ಇರುತ್ತದೆ. ಒರೆಸಿದ ಜಾಗ ತುಳಿದು ಅದೇ ಪಾದ ನೆಕ್ಕಿಕೊಳ್ಳುತ್ತದೆ. ಇವತ್ತೇ ನಿಲ್ಲಿಸಿ. ಬಿಳಿ ಪದರ ಕೊಳೆಯಲ್ಲ, ಮೂತ್ರದಲ್ಲಿರುವ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದು. ಸೋಪಿಗೆ ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ.

ಮೊಲವನ್ನು ಬೇರೆ ಕೋಣೆಗೆ ಬಿಟ್ಟು, ಹುಲ್ಲು, ಹಿಕ್ಕೆ ತೆಗೆದು ಟ್ರೇಯನ್ನು ಬರೀ ನೀರಲ್ಲಿ ತೊಳೆಯಿರಿ. ಅಡುಗೆಯ ಬಿಳಿ ವಿನೆಗರ್ ಒಂದು ಲೋಟ, ನೀರು ಒಂದು ಲೋಟ ಬೆರೆಸಿ ಸುರಿಯಿರಿ. ಕಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. 20 ನಿಮಿಷ ಬಿಟ್ಟು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ದಪ್ಪ ಪದರಕ್ಕೆ ನೀರು ಬೆರೆಸದ ವಿನೆಗರ್ ಬೇಕಾದೀತು. ಸತು ಲೇಪನದ ತಂತಿ ಜಾಲರಿಯನ್ನು ಮಾತ್ರ ನೆನೆಹಾಕಬೇಡಿ, ಹುಳಿ ಆ ಲೇಪನವನ್ನು ತಿನ್ನುತ್ತದೆ. ಒರೆಸಿ ಕೂಡಲೇ ತೊಳೆಯಿರಿ. ಎಲ್ಲವನ್ನೂ ಎರಡು ಮೂರು ನೀರಲ್ಲಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಡಿ.

ಬ್ಲೀಚ್ ದಿನನಿತ್ಯಕ್ಕೆ ಬೇಡ. ವಿನೆಗರ್ ಅಥವಾ ಮೂತ್ರ ಉಳಿದಿರುವಲ್ಲಿ ಅದನ್ನು ಸುರಿದರಂತೂ ವಿಷಗಾಳಿ ಏಳುತ್ತದೆ. ನುಸಿಗುಳಿಗೆಯನ್ನೂ ಗೂಡಿನ ಹತ್ತಿರ ಇಡಬೇಡಿ.

ಟ್ರೇಯ ಮೂಲೆಯಲ್ಲಿ ಮೂತ್ರ ತಾಗಿದ ಹುಲ್ಲು ಒಂದು ಹಿಡಿ ವಾಪಸ್ ಹಾಕಿ, ಇಲ್ಲದಿದ್ದರೆ ಕಂಡಕಂಡಲ್ಲಿ ಮೂತ್ರ ಮಾಡುತ್ತದೆ.

ಸೀನಿಗೆ ಸೋಂಕೂ ಕಾರಣವಿರಬಹುದು. ಫಿನಾಯಿಲ್ ಬಿಟ್ಟು ಎರಡು ದಿನವಾದರೂ ನಿಲ್ಲದಿದ್ದರೆ, ಮೂಗಲ್ಲಿ ಬಿಳಿ ಸಿಂಬಳ ಕಂಡರೆ, ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಮೇವು ಬಿಟ್ಟರೆ ಅದೇ ದಿನ ಕರೆದೊಯ್ಯಿರಿ.