ಹಾಡು ಬರುವುದು ನಾಲ್ಕನೆಯ ಪುಟದಲ್ಲಿ

ಮಾನ್ಯರೇ,

ಬ್ರೆಜಿಲ್ಲಿನ ಗಾಯಕ ಶಿಕು ಬುವಾರ್ಕಿ ಅವರ 1971ರ ಆಲ್ಬಮ್ ‘ಕೊನ್ಸ್ತ್ರುಸಾಂವ್’ (ಅಂದರೆ ‘ನಿರ್ಮಾಣ’) ಕುರಿತು ನೀವು ಕಳುಹಿಸಿದ ಆರು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ಖಂಡಿತ ಮತ್ತೆ ಓದುತ್ತೇನೆ.

ನನ್ನ ಮುಖ್ಯ ಆಕ್ಷೇಪಣೆ ಒಂದೇ. ಸೇನಾಡಳಿತ, ನಾಗರಿಕ ಹಕ್ಕುಗಳನ್ನು ಮೊಟಕುಗೊಳಿಸಿದ 1968ರ ಡಿಸೆಂಬರಿನ ಐದನೆಯ ಸಾಂಸ್ಥಿಕ ಶಾಸನ, ಬುವಾರ್ಕಿ ಇಟಲಿಗೆ ಹೋಗಿ 1970ರಲ್ಲಿ ಮರಳಿದ್ದು, ಆ ವರ್ಷದ ಫುಟ್‌ಬಾಲ್ ವಿಶ್ವಕಪ್ ಇವೆಲ್ಲ ಮುಗಿದು ಶೀರ್ಷಿಕೆಗೀತೆ ಬರುವ ಹೊತ್ತಿಗೆ ನಾಲ್ಕನೆಯ ಪುಟವಾಗಿರುತ್ತದೆ. ಅಲ್ಲಿಯೂ ‘ಹೃದಯ ಕಲಕುವ ಗೀತೆ’ ಎಂದಿದ್ದೀರಿ. ಕಲಕುವುದು ಹೇಗೆಂದು ಹೇಳಿಲ್ಲ.

ಕಟ್ಟಡದ ಕೂಲಿಯೊಬ್ಬ ಹೆಂಡತಿ ಮಕ್ಕಳಿಗೆ ಮುತ್ತಿಟ್ಟು ಕೆಲಸಕ್ಕೆ ಹೋಗಿ, ಗೋಡೆ ಎಬ್ಬಿಸಿ, ಉಂಡು ಕುಡಿದು, ಮೇಲಿನಿಂದ ಬಿದ್ದು ಸಾಯುತ್ತಾನೆ ಎಂದು ಒಂದೇ ವಾಕ್ಯದಲ್ಲಿ ಕಥೆ ಮುಗಿಸಿದ್ದೀರಿ. ಹಾಡು ಹಾಗೆ ಮುಗಿಸುವುದಿಲ್ಲ. ಅದೇ ಕಥೆಯನ್ನು ಎರಡನೆಯ ಸಲ, ಮತ್ತೆ ಚಿಕ್ಕದಾಗಿ ಮೂರನೆಯ ಸಲ, ಸಾಲುಗಳ ಕೊನೆಯ ಪದಗಳನ್ನು ಅದಲುಬದಲು ಮಾಡಿ ಹೇಳುತ್ತದೆ. ಮೊದಲು ಗಟ್ಟಿಯಾಗಿದ್ದ ಗೋಡೆ ಆಮೇಲೆ ಮಾಯೆಯದಾಗಿ, ಕೊನೆಗೆ ಜೋಲುಬೀಳುತ್ತದೆ. ಅವನ ಹೆಣ ಮೊದಲು ವಾಹನ ಸಂಚಾರಕ್ಕೆ, ಆಮೇಲೆ ಜನರಿಗೆ, ಕೊನೆಗೆ ಅವರ ಶನಿವಾರಕ್ಕೆ ಅಡ್ಡಿಯಾಗುತ್ತದೆ. ಆ ಪದಗಳೆಲ್ಲ ಕೊನೆಯಿಂದ ಮೂರನೆಯ ಅಕ್ಷರದ ಮೇಲೆ ಒತ್ತು ಬೀಳುವಂಥವು. ಒಂದೇ ಅಚ್ಚಿನ ಇಟ್ಟಿಗೆಗಳಾದ್ದರಿಂದಲೇ ಒಂದು ಸಾಲಿನಿಂದ ಕಿತ್ತು ಇನ್ನೊಂದರಲ್ಲಿ ಕೂರಿಸಲು ಬರುತ್ತದೆ. (ಆದಿಪ್ರಾಸವನ್ನು ಶತಮಾನಗಟ್ಟಲೆ ಕಾಪಾಡಿಕೊಂಡು ಬಂದ ಭಾಷೆಯ ಓದುಗರಿಗೆ ಇದನ್ನು ವಿವರಿಸಲು ನೀವು ಹಿಂಜರಿಯಬೇಕಾಗಿಲ್ಲ.) ರೊಜೇರಿಯು ದುಪ್ರಾ ಅವರು ಸಂಯೋಜಿಸಿದ ವಾದ್ಯವೃಂದ ಸುತ್ತಿನಿಂದ ಸುತ್ತಿಗೆ ದಟ್ಟವಾಗುವುದನ್ನೂ ನೀವು ಪ್ರಸ್ತಾಪಿಸಿಲ್ಲ.

ಆಲ್ಬಮ್ಮಿನ ಮೊದಲ ಹಾಡಿನ ಹೆಸರನ್ನು ‘ದೇವರು ನಿಮಗೆ ಪಾವತಿಸಲಿ’ ಎಂದು ಅನುವಾದಿಸಿದ್ದೀರಿ. ಅದು ಬ್ಯಾಂಕಿನ ಚಲನ್ ಅಲ್ಲ. ಭಿಕ್ಷೆ ಪಡೆದವರು ಹೇಳುವ ‘ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಎಂಬ ಹರಕೆಯ ಮಾತು. ತಿನ್ನಲು ರೊಟ್ಟಿ, ಮಲಗಲು ನೆಲ, ಉಸಿರಾಡಲು ಅಪ್ಪಣೆ ಕೊಟ್ಟಿದ್ದಕ್ಕಾಗಿ ಅಲ್ಲಿ ಕೃತಜ್ಞತೆ ಸಲ್ಲುತ್ತದೆ. ಆ ಹರಕೆ ಶೀರ್ಷಿಕೆಗೀತೆಯ ಕೊನೆಯಲ್ಲಿ, ಕೂಲಿಯವನು ಸತ್ತ ಮೇಲೆ, ಮತ್ತೆ ಕೇಳಿಬರುತ್ತದೆ. ಇಡೀ ಆಲ್ಬಮ್ಮಿನ ರಾಜಕೀಯ ಆ ಜೋಡಣೆಯಲ್ಲಿದೆ. ನಿಮ್ಮ ಮೊದಲ ಮೂರು ಪುಟಗಳು ಹೇಳಲು ಹೊರಟದ್ದು ಅದನ್ನೇ.

ಒಂದು ತಪ್ಪನ್ನೂ ತಿದ್ದಿಕೊಳ್ಳಿ. ‘ಅಪೆಜಾರ್ ಜಿ ವೊಸೆ’ ಈ ಆಲ್ಬಮ್ಮಿನಲ್ಲಿಲ್ಲ. ಅದು 1970ರಲ್ಲಿ ಬಿಡಿಯಾಗಿ ಹೊರಬಂದು, ಮರುವರ್ಷ ನಿಷೇಧಕ್ಕೊಳಗಾಗಿ, 1978ರ ಆಲ್ಬಮ್ಮಿಗೆ ಸೇರಿದ ಹಾಡು.

ವಿಶ್ವಕಪ್ಪನ್ನು ಪೂರ್ತಿ ಬಿಡಿ, ಇಟಲಿಗೆ ಎರಡು ವಾಕ್ಯ ಸಾಕು. ಸಾಹಿತ್ಯವನ್ನು ಮುಂದಿಟ್ಟುಕೊಂಡು ಶೀರ್ಷಿಕೆಗೀತೆಯನ್ನು ಮತ್ತೆ ಕೇಳಿ, ನಾಲ್ಕನೆಯ ಪುಟದಿಂದ ಬರೆಯಲು ತೊಡಗಿ. ಮೂರು ಪುಟ ಮೀರದಿದ್ದರೆ ಒಳ್ಳೆಯದು.

ಇಂತಿ,
ಸಂಪಾದಕ