ನಟರು ಯಾಕೆ ಚಿಕ್ಕದಾಗಿಲ್ಲ?

ಜಪಾನಿನ ಮರದಚ್ಚು ಚಿತ್ರಕಾರ ಒಕುಮುರಾ ಮಸನೊಬು ಅವರ ಕಬುಕಿ (ಜಪಾನಿನ ಸಾಂಪ್ರದಾಯಿಕ ನಾಟಕ) ಚಿತ್ರಗಳಲ್ಲಿ ರಂಗಮಂದಿರ ಅಷ್ಟು ಆಳವಾಗಿ ಕಾಣುತ್ತದೆ, ನಟರು ಮಾತ್ರ ದೂರಕ್ಕೆ ತಕ್ಕಷ್ಟು ಚಿಕ್ಕದಾಗಿಲ್ಲ, ಯಾಕೆ ಅಂತ ಕೇಳಿದ್ದೀರಿ. ನನಗೆ ಅದು ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ. 1740ರ ದಶಕದ ಈ ಉಕಿ-ಎ (ಆಳ ಕಾಣುವಂತೆ ಬಿಡಿಸಿದ) ಚಿತ್ರಗಳಲ್ಲಿ ಪಾಶ್ಚಾತ್ಯ ಪರ್ಸ್ಪೆಕ್ಟಿವ್, ಅಂದರೆ ದೂರ ಹೋಗುವ ಗೆರೆಗಳು ಒಂದು ಬಿಂದುವಿಗೆ ಸೇರುವಂತೆ ಬಿಡಿಸುವ ರೀತಿ, ಬಳಸಿದ್ದು ಮುಖ್ಯವಾಗಿ ಕಟ್ಟಡಕ್ಕೆ. ಚಾವಣಿಯ ತೊಲೆಗಳು, ಎರಡೂ ಬದಿಯ ಗ್ಯಾಲರಿಗಳು ಒಳಕ್ಕೆ ಓಡುತ್ತವೆ. ಸುಮ್ನೆ ಒಂದು ಸ್ಕೇಲ್ ಇಟ್ಟು ನೋಡಿ, ಗೆರೆಗಳೆಲ್ಲ ಒಂದೇ ಬಿಂದುವಿಗೆ ಸರಿಯಾಗಿ ಸೇರುವುದೂ ಇಲ್ಲ. ಜನರನ್ನು ಬಿಡಿಸಿದ್ದು ಹಳೆಯ ರೀತಿಯಲ್ಲೇ. ಕೊಳ್ಳುವವರಿಗೆ ನೋಡಬೇಕಿದ್ದದ್ದು ನಟರನ್ನೇ ಅಲ್ವಾ? ಅವರನ್ನು ಇರುವೆ ಗಾತ್ರಕ್ಕೆ ಇಳಿಸಿದರೆ ಯಾರು ಕೊಳ್ಳುತ್ತಾರೆ! ಪರ್ಸ್ಪೆಕ್ಟಿವ್ ಲೆಕ್ಕ ಇನ್ನೂ ಪಕ್ಕಾ ಇರುವುದು ಬೇಕಿದ್ದರೆ ನಂತರದ ಜಪಾನಿ ಚಿತ್ರಕಾರ ಉತಗಾವಾ ತೊಯೊಹಾರು ಅವರ 1770ರ ದಶಕದ ಚಿತ್ರಗಳನ್ನು ಹುಡುಕಿ. ಅಲ್ಲಿ ಆಳ ಜಾಸ್ತಿ ಸಹಜವಾಗಿದೆ.