ಪ್ರ: ಹತ್ತು ವರ್ಷದ ಮಗನಿಗೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೊಡಬಹುದಾ?
ಮೇಡಂ, ಮೇಷ್ಟ್ರು ಬೆತ್ತ ಬೀಸೋದನ್ನ ಓದಿ ಮಗ ಸ್ಕೂಲಂದ್ರೆ ಹೆದರ್ತಾನಾ ಅಂತ ಕೇಳಿದ್ದೀರಿ. ಹೆದರಲ್ಲ, ಕೊಡಿ. ಏಟು ಜಾಸ್ತಿನೇ ಇದೆ, ಆದರೆ ಕಾದಂಬರಿ ಬರೆದ ಆರ್.ಕೆ. ನಾರಾಯಣ್ ಕಥೆಯ ಹುಡುಗ ಸ್ವಾಮಿಯ ಪಕ್ಷ ಬಿಟ್ಟುಕೊಡೋದೇ ಇಲ್ಲ.

ಮೊದಲು ಅಪ್ಪ ಲೆಕ್ಕ ಕೊಡೋ ಭಾಗ ನೀವೇ ಜೋರಾಗಿ ಓದಿ ಹೇಳಿ. ರಾಮನ ಹತ್ರ 10 ಮಾವಿನಹಣ್ಣು, ಅದರಿಂದ 15 ಆಣೆ ಬರಬೇಕು. ಕೃಷ್ಣನಿಗೆ 4 ಸಾಕು, ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಬೇಡ, ಹಣ್ಣು ಮಾಗಿದೆಯೋ ಇಲ್ವೋ ಅನ್ನೋದೇ ಚಿಂತೆ. ಅಪ್ಪನಿಗೆ ಸಿಟ್ಟು ಏರ್ತಾ ಇರುತ್ತೆ. ನಿಮ್ಮ ಮಗ ಇಲ್ಲಿ ನಗಲಿಲ್ಲ ಅಂದ್ರೆ ಪುಸ್ತಕ ಎರಡು ವರ್ಷ ಎತ್ತಿಡಿ. (ಉತ್ತರ 6 ಆಣೆ. ಆಣೆ ಅಂದ್ರೇನು ಅಂತ ಕೇಳೇ ಕೇಳ್ತಾನೆ, ಆಗೆಲ್ಲ ರೂಪಾಯಿಗೆ 16 ಆಣೆ ಅಂತ ಹೇಳೋಕೆ ರೆಡಿಯಾಗಿರಿ.)

ಇಂಗ್ಲಿಷ್ ಸರಳವಾಗಿದೆ. 1935ರ ಪುಸ್ತಕ, ಹಾಗಾಗಿ ವಿದೇಶಿ ಬಟ್ಟೆ ಸುಡೋದು, ಹರತಾಳ ಇವನ್ನ ಸ್ವಲ್ಪ ವಿವರಿಸಬೇಕಾಗುತ್ತೆ. ನನಗೆ ಅಳುಕಿರೋದು ಏಟಿನ ಬಗ್ಗೆ ಅಲ್ಲ, ಕೊನೆಯ ರೈಲ್ವೆ ಸ್ಟೇಷನ್ ಅಧ್ಯಾಯದ ಬಗ್ಗೆ. ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೋಗ್ತಾನೆ, ಇಬ್ಬರ ನಡುವಿನ ಮುನಿಸು ಪೂರ್ತಿ ಬಗೆಹರಿಯಲ್ಲ. ಅವತ್ತು ಪಕ್ಕದಲ್ಲಿ ಕೂತಿರಿ.

ಮಂಡ್ಯದಲ್ಲೇ ಇದ್ದೀರಲ್ಲ, ಒಂದಿನ ರೈಲು ಹತ್ತಿ ಮೈಸೂರಿಗೆ ಬನ್ನಿ. ಯಾದವಗಿರಿಯ ನಾರಾಯಣ್ ಮನೆ ಈಗ ಮ್ಯೂಸಿಯಂ.